ಮಣ್ಣಿನ ಆಳ: ಕನ್ನಡ ನೆಲದಲ್ಲಿ ಕ್ರೈಸ್ತ ವಿಶ್ವಾಸ



ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಬಿತ್ತುವವನ ಸಾಮ್ಯವನ್ನು ಹೇಳುತ್ತಾರೆ. ಬೀಜ ನಾಲ್ಕು ಕಡೆ ಬೀಳುತ್ತದೆ: ದಾರಿಯ ಮಗ್ಗುಲಲ್ಲಿ, ಬಂಡೆಯ ನೆಲದಲ್ಲಿ, ಮುಳ್ಳಿನ ನಡುವೆ, ಹದವಾದ ಮಣ್ಣಿನಲ್ಲಿ. ಕೇಳಿ ಕೇಳಿ ಸವೆದ ಕಥೆ ಇದು. ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ, ಪೇಟೆಯಲ್ಲಿ ಬೆಳೆದವರು ಅದನ್ನು ಗಮನಿಸದೆ ದಾಟಿಬಿಡುತ್ತಾರೆ. ಬಂಡೆಯ ಮೇಲೆ ತೆಳುವಾಗಿ ಹರಡಿದ ಮಣ್ಣಿಗೆ ಬಿದ್ದ ಬೀಜ ಕೂಡಲೇ ಮೊಳೆಯಿತು, ಮಣ್ಣು ಆಳವಾಗಿಲ್ಲದ ಕಾರಣಕ್ಕೇ ಮೊಳೆಯಿತು ಎನ್ನುತ್ತದೆ ಸುವಾರ್ತೆ. ಮಧುಗಿರಿ, ಪಾವಗಡದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಣುದ್ದ ಕೆಂಪು ಮಣ್ಣು, ಕೆಳಗೆ ಕಾದ ಕಲ್ಲು. ಒಂದು ಹದಮಳೆ ಬಿದ್ದರೆ ಕಡಲೆಕಾಯಿ ಪಕ್ಕದ ಹೊಲಕ್ಕಿಂತ ಮೊದಲೇ ತಲೆಯೆತ್ತುತ್ತದೆ. ಆಮೇಲೆ ಮಳೆ ಎರಡು ವಾರ ಕೈಕೊಟ್ಟರೆ ಮೊದಲು ಬಾಡುವುದೂ ಅದೇ. ಬೇಗ ಬಂದ ಹಸಿರನ್ನು ನೋಡಿ ಬೆಳೆಯ ಲೆಕ್ಕ ಹಾಕಬೇಡ ಎಂದು ಸ್ವಾಮಿ ಹೇಳುತ್ತಿದ್ದದ್ದು ಇಂಥ ನೆಲವನ್ನು ಬಲ್ಲವರಿಗೆ.

ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ, ಆಳವೂ ಬಾಳಿಕೆಯೂ ಇರುವ ಕ್ರೈಸ್ತ ವಿಶ್ವಾಸ ಬೆಳೆಯುವುದು ಹೇಗೆ ಎಂಬುದು. ಧ್ಯಾನ ಮಾಡಿ, ಉಪವಾಸ ಮಾಡಿ, ಸತ್ಯವೇದ ಓದಿ ಎಂದು ಹೇಳಿ ಕೂತುಬಿಡಬಹುದು. ಆ ಮಾತುಗಳೆಲ್ಲ ನಿಜವೇ. ಆದರೆ ನಮ್ಮ ನಾಡಿನಲ್ಲೇ ಇನ್ನೂರು ವರ್ಷಕ್ಕೂ ಮೀರಿದ ಅನುಭವ ಇರುವಾಗ ಅದನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಆ ಅನುಭವದಿಂದ ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವಾಸಕ್ಕೆ ಆಳ ಬರುವುದು ಅದು ಒಂದು ಊರಿನಲ್ಲಿ ಬಹುಕಾಲ ನಿಂತು, ಆ ಊರಿನ ಮಾತಿನಲ್ಲಿ ಪ್ರಾರ್ಥಿಸಿ, ಆ ಊರಿನ ಜನರ ಋಣಕ್ಕೆ ಬಿದ್ದಾಗ. ಕೊಡುವುದಷ್ಟೇ ತನ್ನ ಕೆಲಸ, ನೆರೆಯವರಿಂದ ಪಡೆಯುವಂಥದ್ದೇನೂ ಇಲ್ಲ ಎಂದುಕೊಂಡ ನಂಬಿಕೆ ಎಷ್ಟೇ ಉರಿದರೂ ಬಂಡೆಯ ಮೇಲಿನ ಪೈರೇ.

ಮಿಡಿಗೇಶಿ ಹೋಬಳಿಯ ಊರುಗಳಿಂದ ಬಂದ ನೀವೆಲ್ಲ ಮಿಡಿಗೇಶಿಯ ಬೆಟ್ಟದ ಕೋಟೆಯನ್ನು ದಿನವೂ ನೋಡುತ್ತೀರಿ. ಆ ಕೋಟೆಯ ಸುತ್ತಲಿನ ಈ ಸೀಮೆಯ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ್ದು ಬಿ. ಎಲ್. ರೈಸ್, ಅಂದರೆ ಲೂಯಿಸ್ ರೈಸ್. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಹನ್ನೆರಡನೆಯ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಮಧುಗಿರಿ, ಶಿರಾ, ಪಾವಗಡದ ಕಲ್ಲುಗಳ ಮಾತು ಅದರಲ್ಲಿದೆ. ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಬೋಧಕರು, ಕನ್ನಡದಲ್ಲಿ ಬೋಧಿಸುತ್ತ, ಶಾಲೆ ನಡೆಸುತ್ತ ಅರ್ಧ ಶತಮಾನದಷ್ಟು ಕಾಲ ಬೆಂಗಳೂರಿನಲ್ಲೇ ಇದ್ದು ಇಲ್ಲೇ ಮಣ್ಣಾದರು. ಲೂಯಿಸರ ತಮ್ಮ ಇ. ಪಿ. ರೈಸ್ ಬೋಧಕರೂ ಹೌದು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರೂ ಹೌದು. ಒಂದೇ ಮನೆಯ ಮೂವರು. ಒಬ್ಬರು ಸುವಾರ್ತೆ ಸಾರಿದರು, ಒಬ್ಬರು ನಮ್ಮ ಕಲ್ಲುಗಳನ್ನು ಓದಿದರು, ಇನ್ನೊಬ್ಬರು ನಮ್ಮ ಕವಿಗಳನ್ನು ಓದಿದರು. ಬಂದ ನಾಲ್ಕು ವರ್ಷಕ್ಕೆ ಎಷ್ಟು ಮಂದಿ ದೀಕ್ಷಾಸ್ನಾನ ಮಾಡಿಸಿಕೊಂಡರು ಎಂದು ಎಣಿಸಿ ವಾಪಸು ಹೋಗಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಎಣಿಸಿದವರೂ ಇದ್ದರು. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಸಿಡುಬಿನ ದಾಕು ಹಾಕಿಸುವುದರಲ್ಲಿ ಮುಂದೆ ನಿಂತರು, ಈ ನೆಲದ ಉಡುಗೆಯುಟ್ಟು ಈ ನೆಲದ ಊಟ ಮಾಡಿ ಬದುಕಿದರು. ಆದರೂ 1823ರಲ್ಲಿ ಊರಿಗೆ ಮರಳಿದವರು ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಸ್ಥಾನದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲ ಎಂದು ಕೈಚೆಲ್ಲಿದರು. ಅವರ ದುಡಿಮೆಯನ್ನು ನಾನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಅವರ ಕಣ್ಣೆದುರಿಗೇ ಒಂದು ಸಾಕ್ಷಿ ಇತ್ತು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದ. ಹದಿನೈದು ವರ್ಷ ಅವರಿಗೆ ತಮ್ಮ ಇಗರ್ಜಿ ಇರಲಿಲ್ಲ, ಪೂಜೆ ಅರ್ಪಿಸಲು ಗುರುಗಳಿರಲಿಲ್ಲ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತಕ್ಕೆ ಮತ ಬಿಟ್ಟವರು ಅನೇಕ. ಆದರೂ 1799ರಲ್ಲಿ ಬಾಗಿಲು ತೆರೆದಾಗ ಮಂಗಳೂರಿಗೆ ನಡೆದುಕೊಂಡು ಹೋದ ಜನ ವಿಶ್ವಾಸವನ್ನೂ ಜೊತೆಗೆ ಹೊತ್ತುಕೊಂಡೇ ಹೋದರು. ಗುರುಗಳಿಲ್ಲದ ಕಾಲದಲ್ಲಿ ಅದನ್ನು ಕಾದದ್ದು ಮನೆಯೊಳಗಿನ ಜಪ, ತಾಯಂದಿರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಪ್ರಾರ್ಥನೆ. ಬಾಳಿಕೆ ಬರುವ ವಿಶ್ವಾಸದ ಮೊದಲ ಪಾಠಶಾಲೆ ಅಡುಗೆಮನೆಯ ಪಕ್ಕದ ಆ ಮೂಲೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನಮ್ಮ ಜಿಲ್ಲೆಗೇ ಬರೋಣ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕನ್ನಡ ಕೆಲಸ ಆರಂಭಿಸಿದರು. ಎರಡು ವರ್ಷಕ್ಕೆ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ತರುಣ ಬಂದು ಸೇರಿಕೊಂಡ. ಸಂತೆ, ಜಾತ್ರೆ, ಅರಳಿಕಟ್ಟೆ, ಹೋದಲ್ಲೆಲ್ಲ ಮಾತು, ವಾದ, ಮತ್ತೆ ಮಾತು. ಆರ್ಥರನ ಕಣ್ಣು ಕೆಟ್ಟು 1841ರಲ್ಲೇ ಆತ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ಮಿಷನ್ ಬಗ್ಗೆ ಆತ ಬರೆದ ಪುಸ್ತಕ 1847ರಲ್ಲಿ ಅಚ್ಚಾಯಿತು. ಹಾಡ್ಸನ್ ಉಳಿದರು. ಉಳಿದವರು ಮಾಡಿದ ಕೆಲಸಗಳಲ್ಲಿ ಒಂದು ಕನ್ನಡ ವ್ಯಾಕರಣ ಬರೆಯುವುದು. ಬೋಧಿಸಲು ಬಂದವರು ವ್ಯಾಕರಣ ಕಲಿಯಲು ಕೂತರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕಲಿಯುವವನು ಚಾಪೆಯ ಮೇಲೆ ಕೂರಬೇಕು, ತಪ್ಪು ಮಾಡಬೇಕು, ತಿದ್ದಿಸಿಕೊಳ್ಳಬೇಕು. ವಿಶ್ವಾಸಕ್ಕೆ ಬೇಕಾದ ದೀನತೆ ಅಲ್ಲಿ ಒದಗುತ್ತದೆ.

ಬಳ್ಳಾರಿಯಲ್ಲಿ ಇದಕ್ಕೂ ಮೊದಲೇ ಅಂಥ ಕೆಲಸ ನಡೆದಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ಕೈಹಾಕಿದರು. ಜೊತೆಗಾರ ವಿಲಿಯಂ ರೀವ್ ನಿಘಂಟು ಮಾಡಿದರು. ಇಡೀ ಬೈಬಲ್ ಕನ್ನಡಕ್ಕೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಬಂದದ್ದು ಸಾಲದು ಎಂದು ಮುಂದಿನ ತಲೆಮಾರು ಅದನ್ನು ಮತ್ತೆ ತಿದ್ದಿತು, ಅದರ ಮುಂದಿನವರು ಇನ್ನೊಮ್ಮೆ ತಿದ್ದಿದರು. ಅನುವಾದದ ಈ ಎಲ್ಲ ಮೇಜುಗಳ ಸುತ್ತಲೂ ಕನ್ನಡದ ಮುನ್ಷಿಗಳು ಕೂತಿದ್ದರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರಾಗಲಿಲ್ಲ, ಅವರ ಹೆಸರು ಮುಖಪುಟದಲ್ಲಿ ಬರಲಿಲ್ಲ. ಕೀರ್ತನೆಗಳನ್ನು ಇವತ್ತು ನಾವು ಕನ್ನಡದಲ್ಲಿ ಓದಿ ಕಣ್ಣೀರು ಹಾಕುವಾಗ ಆ ಪಂಡಿತರ ಋಣ ನಮ್ಮ ಮೇಲಿದೆ.

ಬಾಸೆಲ್ ಮಿಷನ್ನಿನ ಕಿಟೆಲರ ವಿಷಯ ನಿಮಗೆಲ್ಲ ಗೊತ್ತು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. 1894ರ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದಕ್ಕಿಂತ ಮೂವತ್ತೆರಡು ವರ್ಷ ಮೊದಲು, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಹೆಸರಿನಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ್ದರು ಎಂಬುದನ್ನು ಮಾತ್ರ ಮರೆಯಬಾರದು. ಹೊರಗಿನಿಂದ ಬಂದವನು ನಮ್ಮ ಛಂದಸ್ಸನ್ನು ಕಲಿತು ತನ್ನ ಸ್ವಾಮಿಯನ್ನು ಅದರಲ್ಲಿ ನೆನೆದ. ಇತ್ತ ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕ್ರೈಸ್ತರಾಗದೆಯೇ 'ಗೊಲ್ಗೊಥಾ' ಬರೆದು ಶಿಲುಬೆಯ ದಿನವನ್ನು ಕನ್ನಡದ ಕಾವ್ಯವಾಗಿಸಿದರು. ಈ ಕೊಡುಕೊಳೆಯಲ್ಲಿ ಯಾರ ವಿಶ್ವಾಸವೂ ಕರಗಲಿಲ್ಲ.

ನಾನು ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹತ್ತಿರ. ಕನ್ನಡದ ಕ್ರೈಸ್ತ ವಿಶ್ವಾಸ ಎಷ್ಟು ಆಳಕ್ಕೆ ಹೋಗಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಅವರನ್ನು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮನೆತನ ಲಿಂಗಾಯತ ಮೂಲದ್ದು, ಅವರು ಹುಟ್ಟುವ ಹೊತ್ತಿಗೆ ಕ್ರೈಸ್ತ ಕುಟುಂಬ. ಬಾಸೆಲ್ ಮಿಷನ್ನಿನಲ್ಲಿ ದೇವಶಾಸ್ತ್ರ ಓದಿ ಸಭಾಪಾಲಕರಾದರು. ಊರೂರು ತಿರುಗಿ ಸುವಾರ್ತೆ ಹೇಳುವುದು ಅವರ ಕೆಲಸ. ಹೋದ ಕಡೆ ಜನ ಮಾತಿಗೆ ಮಾತಿಗೆ ಸರ್ವಜ್ಞನ ತ್ರಿಪದಿ ಹೇಳುತ್ತಿದ್ದರು. ಬೇರೊಬ್ಬ ಬೋಧಕನಾಗಿದ್ದರೆ ಅದನ್ನು ತನ್ನ ಬೋಧನೆಗೆ ಅಡ್ಡಿ ಎಂದುಕೊಳ್ಳುತ್ತಿದ್ದನೋ ಏನೋ. ಚನ್ನಪ್ಪನವರು ಕೂತು ಕೇಳಿದರು, ಬರೆದುಕೊಂಡರು, ಓಲೆಗರಿ ಹುಡುಕಿದರು, ಪಾಠಗಳನ್ನು ಹೋಲಿಸಿದರು. 1924ರಲ್ಲಿ 'ಸರ್ವಜ್ಞನ ವಚನಗಳು' ಸಂಪಾದನೆಯಾಗಿ ಹೊರಬಂತು. ಜನರ ನಾಲಗೆಯ ಮೇಲೆ ಚದುರಿಹೋಗಿದ್ದ ಕವಿ ಒಬ್ಬ ಕ್ರೈಸ್ತ ಪಾದ್ರಿಯ ಕೈಯಿಂದ ಕನ್ನಡಿಗರ ಪುಸ್ತಕದ ಕಪಾಟಿಗೆ ಬಂದ.

ಅದಕ್ಕೂ ಮೊದಲು ಅವರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಪುಸ್ತಕ ಬರೆದಿದ್ದರು. ಹೆಸರಿನಲ್ಲೇ ಅವರ ನಿಲುವು ತಿಳಿಯುತ್ತದೆ. ಕಾಶಿಯ ಮುಂದೆ ಬೆತ್ಲೆಹೇಮು ನಿಂತು ಅಪ್ಪಣೆ ಕೊಡಿಸುತ್ತಿಲ್ಲ, ಕೈಮುಗಿದು ಕೇಳಿಕೊಳ್ಳುತ್ತಿದೆ. ಯೇಸುವನ್ನು ಬಿಟ್ಟುಕೊಡದೆ, ಎದುರಿಗಿದ್ದವರ ಗೌರವವನ್ನೂ ಕೆಡಿಸದೆ ಮಾತಾಡುವುದು ಹೇಗೆ ಎಂಬ ಚಿಂತೆ ಅವರದು. ಆಮೇಲೆ ವಚನಸಾಹಿತ್ಯಕ್ಕೆ ಇಳಿದರು. ಸಿದ್ಧರಾಮನ ವಚನಗಳನ್ನು ಸಂಗ್ರಹಿಸಿದರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಸಾಧಿಸಲು ಪುಸ್ತಕವನ್ನೇ ಬರೆದರು. ತಿರುಳ್ಗನ್ನಡ ತಿರುಕ ಎಂದು ಹೆಸರಾದರು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷಪೀಠದಲ್ಲಿ ಕೂತದ್ದು ಈ ಸಭಾಪಾಲಕರು. ಹಿಂದಿನ ವರ್ಷವಷ್ಟೇ ನಿಜಾಮನ ಆಡಳಿತ ಕೊನೆಗೊಂಡಿತ್ತು. ಮತದ ಹೆಸರಿನ ಗಾಯ ಇನ್ನೂ ಹಸಿಯಾಗಿದ್ದ ಊರು ಅದು.

ಇವರಿಗೆ ಎರಡು ದೋಣಿಯ ಮೇಲೆ ಕಾಲು ಎಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ವಿಶ್ವಾಸ ಗಟ್ಟಿಯಾಗಿಲ್ಲದವನಿಗೆ ನೆರೆಮನೆಯ ಹಾಡು ಕೇಳಿದರೂ ಭಯ. ಚನ್ನಪ್ಪನವರು 1962ರಲ್ಲಿ ತೀರಿಕೊಳ್ಳುವವರೆಗೂ ಕ್ರಿಸ್ತನ ಸೇವಕರಾಗಿಯೇ ಇದ್ದರು. ಸರ್ವಜ್ಞನ ಋಣ, ಬಸವಣ್ಣನ ಋಣ ಅವರ ಮೇಲೆ ಇದ್ದವು. ಆ ಋಣಗಳನ್ನು ಒಪ್ಪಿಕೊಂಡದ್ದರಿಂದಲೇ ಅವರ ಕ್ರಿಸ್ತ ಕನ್ನಡದ ಕ್ರಿಸ್ತನಾದ.

ಮಾತಿನ ವಿಷಯ ಇನ್ನೊಂದಿದೆ. ಕಥೋಲಿಕ ಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಅಂದರೆ 1962ರಿಂದ 1965ರವರೆಗೆ ನಡೆದದ್ದು, ಪೂಜೆಯನ್ನು ತಾಯ್ನುಡಿಯಲ್ಲಿ ಅರ್ಪಿಸಲು ದಾರಿ ಬಿಟ್ಟಿತು. ಅದಕ್ಕೆ ಮುಂಚೆ ಬಲಿಪೂಜೆಯ ಲ್ಯಾಟಿನ್ ಮಂತ್ರ ಒಂದು ಕಡೆ, ಅಜ್ಜಿ ಮನೆಯಲ್ಲಿ ಹೇಳುವ ಜಪ ಇನ್ನೊಂದು ಕಡೆ. ಈಗ ಎರಡೂ ಒಂದೇ ನುಡಿಯಲ್ಲಿ ಸೇರಿವೆ. ಪಾವಗಡದ ಕಡೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಇರುವ ಮನೆಗಳು ಬಹಳ. ಅಲ್ಲಿ ಮಕ್ಕಳು ಎರಡರಲ್ಲೂ ಪ್ರಾರ್ಥಿಸಲಿ. ಸಂಕಟ ಬಂದಾಗ ತಾನಾಗಿ ಯಾವ ಮಾತು ಬಾಯಿಗೆ ಬರುತ್ತದೋ ಆ ಮಾತಿನಲ್ಲಿ ದೇವರನ್ನು ಕರೆಯಲು ಅವರಿಗೆ ಅಭ್ಯಾಸವಿರಬೇಕು, ಅಷ್ಟೆ.

ಇನ್ನು ಹಸಿವಿನ ಮಾತು. 1876ರಿಂದ 78ರವರೆಗಿನ ದೊಡ್ಡ ಬರಗಾಲವನ್ನು ಈ ಸೀಮೆ ಮರೆಯುವಂತಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷ ಮೀರಿದ್ದದ್ದು 1881ರಲ್ಲಿ ನಲವತ್ತೆರಡು ಲಕ್ಷದ ಒಳಗೆ ಇಳಿಯಿತು. ತಬ್ಬಲಿಯಾದ ಮಕ್ಕಳನ್ನು ವೆಸ್ಲಿಯನ್ ಮಿಷನ್ ಸಾಕಿತು: ಗಂಡುಹುಡುಗರನ್ನು ತುಮಕೂರಿನಲ್ಲಿ, ಹೆಣ್ಣುಮಕ್ಕಳನ್ನು ಹಾಸನದಲ್ಲಿ. ಆ ಮಕ್ಕಳಲ್ಲಿ ಅನೇಕರು ಕ್ರೈಸ್ತರಾಗಿಯೇ ಬೆಳೆದರು. ಗಂಜಿಗಾಗಿ ಮತ ಬಿಟ್ಟವರು ಎಂಬ ಹಳಿಯುವಿಕೆ ಆಗಿನಿಂದ ಈಗಿನವರೆಗೂ ಇದೆ. ಇದಕ್ಕೆ ನನ್ನ ಉತ್ತರ ನೇರವಾಗಿದೆ. ತಬ್ಬಲಿ ಮಗುವಿಗೆ ಗಂಜಿ ಕೊಟ್ಟದ್ದು ಪುಣ್ಯದ ಕೆಲಸ. ಗಂಜಿಯನ್ನು ಗಾಳವಾಗಿ ಎಲ್ಲಿಯಾದರೂ ಬಳಸಿದ್ದರೆ ಅದು ಯೇಸುವಿಗೆ ಮಾಡಿದ ದ್ರೋಹ. ಅರಣ್ಯದಲ್ಲಿ ಸೈತಾನ ಕಲ್ಲನ್ನು ರೊಟ್ಟಿ ಮಾಡೆಂದಾಗ ಸ್ವಾಮಿ ಒಪ್ಪಲಿಲ್ಲ. ಹಸಿದ ಐದು ಸಾವಿರ ಜನರಿಗೆ ರೊಟ್ಟಿ ಕೊಟ್ಟಾಗ ಯಾರ ಕೈಯಲ್ಲೂ ಮುಚ್ಚಳಿಕೆ ಬರೆಸಿಕೊಳ್ಳಲಿಲ್ಲ. ಗಡಿಯಾಚೆ ಅನಂತಪುರದಲ್ಲಿ 1969ರಿಂದ ವಿಸೆಂಟೆ ಫೆರ್ರೆರ್ ಮಾಡಿದ ಕೆಲಸ ಈ ದಾರಿಯದು. ಸ್ಪೇನಿನಿಂದ ಯೇಸುಸಭೆಯ ಗುರುವಾಗಿ ಬಂದವರು, ಆಮೇಲೆ ಆ ಸಭೆಯನ್ನು ಬಿಟ್ಟರು. ನಮ್ಮಂಥದೇ ಬರದ ನೆಲದಲ್ಲಿ ಮನೆ, ನೀರು, ಶಾಲೆ, ಆಸ್ಪತ್ರೆ ಎಂದು ನಲವತ್ತು ವರ್ಷ ದುಡಿದು 2009ರಲ್ಲಿ ಅಲ್ಲೇ ಕಣ್ಣುಮುಚ್ಚಿದರು.

ವಿಶ್ವಾಸಕ್ಕೆ ಬೆಲೆ ತೆರುವುದು ಎಂದರೆ ಏನೆಂದು ನಮ್ಮ ಹಟ್ಟಿಗಳ ಕ್ರೈಸ್ತರಿಗೆ ಚೆನ್ನಾಗಿ ಗೊತ್ತು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನೊಬ್ಬ ಕ್ರೈಸ್ತನಾದರೆ ಆ ಪಟ್ಟಿಯಿಂದ ಹೊರಗಾಗುತ್ತಾನೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದರೊಳಗೆ ಜಾಗ ಸಿಕ್ಕಿತು; ಕ್ರೈಸ್ತರಿಗೆ ಸಿಕ್ಕಿಲ್ಲ. ಮತ ಬದಲಾದ ಮಾತ್ರಕ್ಕೆ ಊರಿನ ಕಣ್ಣಿನಲ್ಲಿ ಜಾತಿ ಬದಲಾಗುವುದಿಲ್ಲ. ನೋವಿನ ಇನ್ನೊಂದು ಮಾತನ್ನೂ ಹೇಳಲೇಬೇಕು. ಚರ್ಚಿನ ಒಳಗೂ ಜಾತಿ ಬಂದು ಕೂತಿದೆ: ಮದುವೆಯ ಮಾತುಕತೆಯಲ್ಲಿ, ಸಮಿತಿಯ ಚುನಾವಣೆಯಲ್ಲಿ, ಕೆಲವು ಕಡೆ ಸಮಾಧಿಯ ಜಾಗದಲ್ಲಿ ಕೂಡ. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡು ಮನೆಯ ಹೊಸಿಲಲ್ಲಿ ಭೇದ ಮಾಡುವವನ ವಿಶ್ವಾಸ ಎಷ್ಟು ವರ್ಷ ಹಳೆಯದಾದರೂ ಬೇರುಬಿಟ್ಟಿಲ್ಲ.

ಹಾಗಾದರೆ ದಿನದಿನದ ಸಾಧನೆ ಯಾವುದು? ಇಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ವೆಸ್ಲಿಯವರ ಒಂದು ಪದ್ಧತಿಯನ್ನು ನೆನಪಿಸುತ್ತೇನೆ, ಏಕೆಂದರೆ ತುಮಕೂರು ಸೀಮೆಯ ಹಳೆಯ ಸಭೆಗಳು ಆ ಬಳ್ಳಿಯ ಕುಡಿಗಳು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಾಗಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ತೀರ್ಮಾನವಾಯಿತು. ಬಡವರು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆ ಬಂದಾಗ ಒಬ್ಬ ಎದ್ದು, ಹನ್ನೊಂದು ಮಂದಿ ಕಡುಬಡವರನ್ನು ನನ್ನ ಪಾಲಿಗೆ ಬಿಡಿ, ಅವರಿಂದಾಗದ್ದನ್ನು ನಾನು ತುಂಬುತ್ತೇನೆ ಎಂದ. ಹಾಗೆ ಹನ್ನೆರಡು ಜನರ ಗುಂಪುಗಳಾದವು. ದುಡ್ಡು ಎತ್ತಲು ಮನೆಮನೆಗೆ ಹೋದ ಮುಖಂಡರಿಗೆ ಒಳಗಿನ ಬದುಕು ಕಂಡಿತು: ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಗಂಡಹೆಂಡಿರ ಜಗಳ, ಮತ್ತೊಂದರಲ್ಲಿ ಹಾಸಿಗೆ ಹಿಡಿದ ಮುದುಕಿ. ವೆಸ್ಲಿಗೆ ಆಗ ಹೊಳೆಯಿತು, ಬೇಕಾಗಿದ್ದದ್ದು ಇದೇ ಎಂದು. ಪೆನ್ನಿಯ ಲೆಕ್ಕ ಆತ್ಮದ ಲೆಕ್ಕವಾಯಿತು. ಕ್ಲಾಸ್ ಮೀಟಿಂಗ್ ಎಂದು ಹೆಸರಾದ ಈ ಕೂಟ ಮೆಥೊಡಿಸ್ಟರ ಬೆನ್ನೆಲುಬಾಗಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಒಂದುಗೂಡಿದಾಗ ಮೆಥೊಡಿಸ್ಟರೂ ಅದರಲ್ಲಿ ಸೇರಿದರು. ಐಕ್ಯ ಒಳ್ಳೆಯದೇ ಆಯಿತು. ಆದರೆ ಆ ಹನ್ನೆರಡರ ಕೂಟ ಈಗ ಅಪರೂಪ.

ದಿನದಿನದ ಸಾಧನೆಗೆ ಇನ್ನೊಂದು ಮಾದರಿಯೂ ಇದೆ. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾರೆ, ಅದು ಸಭೆಗೆ. ನಮ್ಮ ಸ್ತ್ರೀಯರ ಕೂಟಗಳಲ್ಲೂ ಹಿಡಿ ಅಕ್ಕಿಯ ಕಾಣಿಕೆ ಉಂಟು. ಡಬ್ಬಿಗೆ ಕೈಹಾಕಿದ ತಾಯಿ ಆ ಒಂದು ಹಿಡಿಯನ್ನು ತೆಗೆಯುವಾಗ ಬಾಯಲ್ಲಿ ಒಂದು ಹೆಸರು ಹೇಳಿ ಪ್ರಾರ್ಥಿಸುವುದನ್ನು ನಾನು ನೋಡಿದ್ದೇನೆ: ಆಸ್ಪತ್ರೆಯಲ್ಲಿರುವ ನಾದಿನಿಗೆ, ಬೋರು ಬತ್ತಿದ ಪಕ್ಕದ ಮನೆಯ ರೆಡ್ಡಿಯವರಿಗೆ, ಪರೀಕ್ಷೆಗೆ ಕೂತ ಮಗನಿಗೆ. ದಿನಕ್ಕೆರಡು ಹಿಡಿ, ವರ್ಷವೆಲ್ಲ. ಅವಳ ವಿಶ್ವಾಸಕ್ಕೆ ಮೈಕು ಬೇಕಿಲ್ಲ.

ಇವತ್ತು ಮೈಕು ಜೋರಾಗಿದೆ. ಫೋನಿನಲ್ಲಿ ಇಡೀ ದಿನ ಪ್ರಸಂಗ, ಮೂರು ದಿನದ ಕೂಟಗಳಲ್ಲಿ ಅಬ್ಬರ. ಬೆಳಿಗ್ಗೆ ನಂಬು, ಸಂಜೆಗೆ ಸಾಲ ತೀರುತ್ತದೆ, ಕಾಯಿಲೆ ಬಿಡುತ್ತದೆ, ವೀಸಾ ಬರುತ್ತದೆ ಎನ್ನುವ ಬೋಧನೆ. ಅಲ್ಲಿ ಹೋಗಿ ಅತ್ತು ಹಗುರಾದವರನ್ನು ನಾನು ಹಂಗಿಸುವುದಿಲ್ಲ. ಸಾಲದಲ್ಲಿ ಮುಳುಗಿದವನಿಗೆ ಒಂದು ಸಂಜೆಯ ಸಮಾಧಾನವೂ ದೊಡ್ಡದೇ. ಆದರೆ ಸಾಲ ತೀರದಿದ್ದಾಗ ನಿನ್ನ ನಂಬಿಕೆ ಸಾಲದು ಎಂದು ಅವನ ಮೇಲೇ ತಪ್ಪು ಹೊರಿಸುವುದು ಕ್ರೂರ. ಯೋಬನಿಗೆ ಅವನ ಗೆಳೆಯರು ಮಾಡಿದ್ದೂ ಇದನ್ನೇ. ದೇವರು ಕೋಪಗೊಂಡದ್ದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ತಾಲ್ಲೂಕುಗಳಲ್ಲಿ ಒಂದು ಊರಿಗೆ ನಾಲ್ಕು ಮನೆ, ಎರಡು ಮನೆ. ದುಡಿಯುವ ಮಕ್ಕಳು ತುಮಕೂರಿಗೆ, ಬೆಂಗಳೂರಿಗೆ ಹೋಗಿದ್ದಾರೆ. ಭಾನುವಾರ ಆರಾಧನೆ ನಡೆಸಲು ಅಯ್ಯನವರು ಎಲ್ಲ ಊರಿಗೂ ಬರಲಾರರು. ಒಬ್ಬರಿಗೇ ಐದಾರು ಸಭೆಗಳ ಹೊಣೆ ಇರುತ್ತದೆ. ಇಂಥ ಕಡೆ ಬ್ರಿಸ್ಟಲಿನ ಆ ಹನ್ನೆರಡರ ಕೂಟ ನಮಗೆ ಬೇಕು. ಈ ಸಭೆಯಲ್ಲಿರುವ ಯುವಕ ಯುವತಿಯರಿಗೆ ನನ್ನ ಕೋರಿಕೆ: ಹನ್ನೊಂದು ಹೆಸರು ಬರೆದುಕೊಳ್ಳಿ. ಒಂಟಿಯಾಗಿರುವ ಅಜ್ಜಿ, ಚರ್ಚಿಗೆ ಬರುವುದು ಬಿಟ್ಟ ಅಣ್ಣ, ಹೊಸದಾಗಿ ನಂಬಿದವನು, ನಂಬಿ ಕಂಗೆಟ್ಟವನು, ಮಾತು ಬಿಟ್ಟ ನೆಂಟ. ಅದರಲ್ಲಿ ಎರಡು ಹೆಸರಾದರೂ ಕ್ರೈಸ್ತರಲ್ಲದ ನೆರೆಯವರದಿರಲಿ. ಅವರಿಗೆ ಬೋಧಿಸುವುದಕ್ಕಲ್ಲ, ಅವರ ಕಷ್ಟ ಕೇಳುವುದಕ್ಕೆ, ಅವರಿಂದ ಏನಾದರೂ ಕಲಿಯುವುದಕ್ಕೆ. ವಾರಕ್ಕೊಮ್ಮೆ ಪ್ರತಿ ಮನೆಯ ಬಾಗಿಲಿಗೂ ಹೋಗಿ. ಬೆಂಗಳೂರಿನಲ್ಲಿರುವವರು ಫೋನು ಮಾಡಿ, ತಿಂಗಳಿಗೊಮ್ಮೆ ಊರಿಗೆ ಬಂದಾಗ ಹೋಗಿ. ಕೂತು ಒಂದು ಕೀರ್ತನೆ ಓದಿ. ಕಣ್ಣು ಕಾಣದ ಅಜ್ಜಿಗೆ ಮತ್ತಾಯನ ಸುವಾರ್ತೆಯನ್ನು ವಾರಕ್ಕೊಂದು ಅಧ್ಯಾಯ ಓದಿ ಹೇಳಿದರೆ ಅರ್ಧ ವರ್ಷದ ಆಚೆಗೆ ಸ್ವಲ್ಪ ದಿನ ಬೇಕಾಗುತ್ತದೆ, ಇಪ್ಪತ್ತೆಂಟು ಅಧ್ಯಾಯಗಳಿವೆ. ಅದು ಮುಗಿದ ಮೇಲೆ ಮಾರ್ಕನದು ಶುರುಮಾಡಿ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಪಟ್ಟಿ ಬರೆಯಲು ಇಬ್ಬರು ಕೂತರೂ ಸಾಕು, ಕೆಲಸ ಆರಂಭವಾಯಿತು.